ಮಕ್ಕಳು ಮನೆಯ ಹಳೆಯ ನೋವನ್ನು ಕೇಳಿದರೆ ಹೇಳಬೇಕೇ?

ದಾವಣಗೆರೆಯ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಕಲಿಸುವ ನಾನು, ತಮ್ಮ ಮನೆಯ ಮೂರು ತಲೆಮಾರಿನ ವೃತ್ತಾಂತವನ್ನು ಹಿರಿಯರಿಂದ ಕೇಳಿ ಬರೆದು ತರುವಂತೆ ಎಂಟನೆಯ ತರಗತಿಯ ಮಕ್ಕಳಿಗೆ ಹೇಳುತ್ತೇನೆ. ಆಮೇಲೆ ಪೋಷಕರು ಬಂದು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ಮುಚ್ಚಿಟ್ಟದ್ದನ್ನು ಮಗು ಕೆದಕುತ್ತಿದೆ ಮೇಡಂ, ಹೇಳಬೇಕೋ ಬೇಡವೋ?" ಹೇಳಬೇಕು ಎಂಬುದು ನನ್ನ ಉತ್ತರ.

ಮುಚ್ಚಿಟ್ಟರೆ ಮಗುವಿಗೆ ತಿಳಿಯುವುದಿಲ್ಲ ಎಂಬ ನಂಬಿಕೆಗೇ ಆಧಾರವಿಲ್ಲ. ಗುರುತು ಸಿಗದಷ್ಟು ವಿವರ ಬದಲಿಸಿ ಒಂದು ಮನೆಯ ಸಂಗತಿ ಹೇಳುತ್ತೇನೆ. ಅಜ್ಜ ಜ್ವರ ಬಂದು ತೀರಿಕೊಂಡರೆಂದು ಆ ಹುಡುಗನಿಗೆ ಹೇಳಿದ್ದರು. ಆದರೆ ಮಹಾಲಯ ಅಮಾವಾಸ್ಯೆಯ ದಿನ ಮನೆಯ ಹಿರಿಯರಿಗೆಲ್ಲ ಎಡೆ ಇಡುವಾಗ ಅಜ್ಜನಿಗೆ ಮಾತ್ರ ಎಡೆ ಇರುತ್ತಿರಲಿಲ್ಲ. ಗೋಡೆಯ ಮೇಲೆ ಅವರ ಫೋಟೋ ಇರಲಿಲ್ಲ. ಅಜ್ಜಿಯ ಹಣೆಯಲ್ಲಿ ಕುಂಕುಮ, ಕೊರಳಲ್ಲಿ ತಾಳಿ ಹಾಗೆಯೇ ಇದ್ದವು. ಟ್ರಂಕಿನಲ್ಲಿ ಅಜ್ಜನ ಮಿಲ್ಲಿನ ಗುರುತಿನ ಚೀಟಿ ಸಿಕ್ಕ ದಿನ ಹುಡುಗ ಕೇಳಿಯೇಬಿಟ್ಟ: "ಅಜ್ಜ ತೀರಿಕೊಂಡಿದ್ರೆ ನೀನ್ಯಾಕೆ ಕುಂಕುಮ ಹಚ್ಕೊಂತೀ ಅಜ್ಜಿ?"

ಅಜ್ಜ ಸತ್ತಿರಲಿಲ್ಲ. ಮಿಲ್ ಮುಚ್ಚಿದ ಮೇಲೆ ಸಾಲ ಏರಿ, ಕುಡಿತ ಹತ್ತಿ, ಒಂದು ರಾತ್ರಿ ಮನೆ ಬಿಟ್ಟು ಹೋದವರು ಮರಳಿರಲಿಲ್ಲ. ಅಜ್ಜಿ ಮಂಡಕ್ಕಿ ಭಟ್ಟಿಯ ಹೊಗೆಯಲ್ಲಿ ದುಡಿದು ಮಕ್ಕಳನ್ನು ಸಾಕಿದ್ದರು.

ಕಂಡದ್ದನ್ನು ಕಂಡಿಲ್ಲವೆಂದು ಒಪ್ಪಿಸುವುದು ಮಗುವಿಗೆ ಏನು ಮಾಡುತ್ತದೆಂಬುದನ್ನು ಬ್ರಿಟಿಷ್ ಮನೋವೈದ್ಯ ಜಾನ್ ಬೌಲ್ಬಿ 1979ರ ಪ್ರಬಂಧವೊಂದರಲ್ಲಿ ವಿವರಿಸಿದ್ದಾರೆ. ತಂದೆಯೋ ತಾಯಿಯೋ ಆತ್ಮಹತ್ಯೆ ಮಾಡಿಕೊಂಡದ್ದನ್ನು ಒಂದಿಷ್ಟಾದರೂ ಕಣ್ಣಾರೆ ಕಂಡ ಮಕ್ಕಳಿಗೆ, ಅದು ಕಾಯಿಲೆ, ಅದು ಅಪಘಾತ ಎಂದು ಉಳಿದವರು ನಂಬಿಸಲು ಹೊರಟಾಗ, ಆ ಮಕ್ಕಳಿಗೆ ಬೇರೆಯವರ ಮೇಲಷ್ಟೇ ಅಲ್ಲ, ತಮ್ಮ ಕಣ್ಣು ಕಿವಿಗಳ ಮೇಲೂ ನಂಬಿಕೆ ಹೋಗುತ್ತದೆ, ಕೇಳುವ ಕುತೂಹಲವೂ ಅಡಗುತ್ತದೆ. ಶಿಕ್ಷಕಿಯಾಗಿ ನನಗೆ ಅತಿಯಾಗಿ ಕಳವಳ ತರುವುದು ಈ ಕೊನೆಯ ಮಾತು.

ಇನ್ನು ಹೇಳುವ ಬಗೆ. ಘಟನೆಯನ್ನು ಮಾತ್ರ ಹೇಳಿ ಕಾರಣ ಬಿಟ್ಟರೆ ಮಗುವಿನಲ್ಲಿ ಉಳಿಯುವುದು ಅವಮಾನವೊಂದೇ. "ನಿನ್ನ ಅಜ್ಜ ಓಡಿಹೋದ" ಎಂಬುದು ಅರ್ಧ ಸತ್ಯ. ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿದ್ದ, ಕಾರ್ಮಿಕ ನಾಯಕ ಪಂಪಾಪತಿಯವರನ್ನು ವಿಧಾನಸಭೆಗೆ ಕಳಿಸಿದ್ದ ಈ ಊರಿನಲ್ಲಿ ಹತ್ತಿಗಿರಣಿಗಳು ಬಾಗಿಲು ಹಾಕುತ್ತ ಬಂದಾಗ, ಪಾಳಿಯ ಕೆಲಸವನ್ನೇ ನಂಬಿದ್ದ ಎಷ್ಟೋ ಸಂಸಾರಗಳು ಬೀದಿಗೆ ಬಿದ್ದವು ಎಂಬುದನ್ನೂ ಸೇರಿಸಿ ಹೇಳಿದಾಗ ಆ ಮಾತು ಪೂರ್ತಿಯಾಗುತ್ತದೆ. ಇದರಿಂದ ಅಜ್ಜ ಮಾಡಿದ್ದು ಸರಿಯಾಗುವುದಿಲ್ಲ, ಸರಿಯೆಂದು ಹೇಳಲೂ ಬಾರದು. ಆದರೆ ತನ್ನ ಮನೆತನದ ರಕ್ತದಲ್ಲೇ ಏನೋ ಕೊರತೆ ಇದೆ ಎಂಬ ಭಾವನೆ ಹುಡುಗನಿಗೆ ಬರುವುದಿಲ್ಲ.

ಕೇಳಿದ್ದಕ್ಕಷ್ಟೇ ಉತ್ತರ ಕೊಟ್ಟರೆ ಸಾಕು. ಹತ್ತು ವರ್ಷದ ಮಗುವಿಗೆ ಸಾಲಗಾರರ ಬೈಗುಳದ ವಿವರ ಬೇಕಿಲ್ಲ, ದೊಡ್ಡವರು ತಮ್ಮ ಸಿಟ್ಟನ್ನು ಅದರ ತಲೆಗೆ ಕಟ್ಟಿ ಪಕ್ಷ ವಹಿಸಲು ಹಚ್ಚುವುದಂತೂ ತಪ್ಪೇ ತಪ್ಪು. ನೋವು ಉಂಡವರು ಬದುಕಿದ್ದರೆ ಮೊದಲು ಅವರ ಒಪ್ಪಿಗೆ ಕೇಳಬೇಕು. ಆ ಮನೆಯಲ್ಲಿ ಮಗ ಸೊಸೆ ಹಿಂಜರಿದರೂ ಅಜ್ಜಿಯೇ ಮೊಮ್ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೇಳಿದರು. ಹಿರಿಯರು ಒಪ್ಪದಿದ್ದರೆ "ಅದು ನಮಗೆ ನೋವಿನ ವಿಷಯ, ಈಗ ಹೇಳಲು ಆಗುತ್ತಿಲ್ಲ, ನಿನ್ನ ತಪ್ಪೇನೂ ಇದರಲ್ಲಿ ಇಲ್ಲ" ಎನ್ನಬಹುದು. ಅದು ಸುಳ್ಳಲ್ಲ, ಮಗುವಿಗೆ ಅಷ್ಟು ಅರ್ಥವೂ ಆಗುತ್ತದೆ.

ತಿಳಿದ ಮೇಲೆ ಮಗು ಊಟ ನಿದ್ದೆ ಬಿಟ್ಟರೆ, ಮಂಕಾದರೆ, ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲಿಯೇ ಮಾತಾಡಬಹುದು. ಶಾಲೆಯ ವಿಷಯ ಹೇಳುವುದಾದರೆ, ಕೇಳಿದ್ದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆಯಲೇಬೇಕೆಂದು ನಾನು ಹೇಳುವುದಿಲ್ಲ. ಆ ಹುಡುಗ ಅಜ್ಜನ ಪುಟವನ್ನು ಖಾಲಿ ಬಿಟ್ಟು, ಅಜ್ಜಿ ಭಟ್ಟಿಯಲ್ಲಿ ದುಡಿದದ್ದನ್ನು ಮಾತ್ರ ಬರೆದಿದ್ದ; ಅವನಿಗೆ ಪೂರ್ತಿ ಅಂಕ ಕೊಟ್ಟೆ.