ಮಳೆಗಾಲ ಮತ್ತು ಪುಟ್ಟ ಹಳಿ

ಮಲೆನಾಡಿನ ಜುಲೈನಲ್ಲಿ ಎಚ್‌ಒ (ನಿಜದ 87ನೇ ಒಂದು ಅಳತೆಯ) ಮಾದರಿ ರೈಲು ನಿಂತು ನಿಂತು ಓಡಿದರೆ ಮೋಟಾರನ್ನು ಬೈಯಬೇಡಿ, ಮೊದಲು ಹಳಿ ಒರೆಸಿ. ತೇವಕ್ಕೆ ಹಳಿಯ ನಿಕಲ್ ಸಿಲ್ವರ್ ಲೋಹ ಕಪ್ಪಾಗಿ ಚಕ್ರಕ್ಕೆ ಕರೆಂಟ್ ಸರಿಯಾಗಿ ಹಾಯುವುದಿಲ್ಲ. ಹತ್ತಿ ಬಟ್ಟೆ, ಐಸೊಪ್ರೊಪೈಲ್ ಆಲ್ಕೋಹಾಲ್ ಸಾಕು. ಉಪ್ಪುಕಾಗದ ಉಜ್ಜಿದರೆ ಆ ಗೀರುಗಳಲ್ಲೇ ಮತ್ತೆ ಕೊಳೆ ಕೂರುತ್ತದೆ.

ಹಳಿ ಕೂರಿಸುವ ಪ್ಲೈವುಡ್‌ಗೆ ಎರಡೂ ಕಡೆ ಬಣ್ಣ ಬಳಿಯಿರಿ. ಮೇಲೆ ಮಾತ್ರ ಬಳಿದರೆ ಅಡಿಭಾಗ ತೇವ ಕುಡಿದು ಹಲಗೆ ಹಪ್ಪಳದ ಹಾಗೆ ಸೊಟ್ಟಗಾಗುತ್ತದೆ. ಹಳಿಯ ನಡುವೆ ಪುಟ್ಟ ಜಲ್ಲಿ ಕೂರಿಸಲು ಒಂದು ಪಾಲು ಫೆವಿಕಾಲ್, ಎರಡು ಪಾಲು ನೀರು, ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್. ಆ ಲಿಕ್ವಿಡ್ ಇಲ್ಲದಿದ್ದರೆ ಅಂಟು ಒಳಗಿಳಿಯದೆ ಮೇಲೆಯೇ ಗುಂಡಾಗಿ ನಿಲ್ಲುತ್ತದೆ. ಮಳೆಯಲ್ಲಿ ಒಣಗುವುದು ನಿಧಾನ, ಫ್ಯಾನ್ ಹಾಕದಿದ್ದರೆ ಬೂಷ್ಟು ಗ್ಯಾರಂಟಿ.

ಇನ್ನು ಅಳತೆ. 1:87ರಲ್ಲಿ ನಮ್ಮ 1676 ಮಿ.ಮೀ. ಬ್ರಾಡ್‌ಗೇಜ್ 19.3 ಆಗಬೇಕು; ಅಂಗಡಿಯ ಹಳಿ 16.5. ಶಿವಮೊಗ್ಗ–ತಾಳಗುಪ್ಪದ ಹಳೇ ಮೀಟರ್‌ಗೇಜ್‌ಗೆ ಬೇಕಾದ್ದು 11.5, ಸಿಗುವುದು 12. ಅಂದರೆ ಈಗ ಓಡುವ ರೈಲಿಗಿಂತ ಕಿತ್ತುಹೋದ ಹಳಿಯೇ ಮೇಜಿನ ಮೇಲೆ ನಿಜಕ್ಕೆ ಹತ್ತಿರ! ಆ ಮಾರ್ಗದಲ್ಲಿ ಓಡುತ್ತಿದ್ದ ರೈಲ್‌ಬಸ್ (ಹಳಿ ಮೇಲಿನ ಬಸ್ಸಿನಂಥ ಗಾಡಿ) ಮಾಡುವವರು ಛಾವಣಿಯ ಒಳಗೆ ತೂಕ ಇಡಬೇಡಿ, ಕೆಳಗೆ ಚಕ್ರದ ಹತ್ತಿರವೇ ಇಡಿ. ಇಲ್ಲವಾದರೆ ತಿರುವಿನಲ್ಲಿ ಮಗುಚುತ್ತದೆ.