ಯಲಬುರ್ಗಾದಿಂದ ಒಂದು ಬಾಟಲಿ ಎಣ್ಣೆ

ಜನವರಿ ಕೊನೆಯ ವಾರ. ಕೊಪ್ಪಳದಲ್ಲಿ ಯಲಬುರ್ಗಾ ಬಸ್ ಹತ್ತಿದೆ. ಗೆಳೆಯನ ಕಾಕಾ ಅಲ್ಲಿ ಕುಸುಬಿ ಹಾಕಿದ್ದಾರೆ, ಹೂ ಬಿಟ್ಟಾಗ ಬಾ ಅಂದಿದ್ದರು. ಕಿಟಕಿಯಾಚೆ ಕೆಂಪು ಮಸಾರಿ ಮಣ್ಣು ಕಡಿಮೆಯಾಗಿ ಕಪ್ಪು ಎರೆ ಹೊಲಗಳು ಶುರುವಾದವು.

ಬಿಳಿ ಜೋಳದ ಸುತ್ತ ಬೇಲಿಯಂತೆ ಕುಸುಬಿ ಸಾಲು, ಹಳದಿ, ಕೇಸರಿ ಹೂವು. ಮುಟ್ಟಲು ಹೋಗಿ ಬೆರಳು ಚುಚ್ಚಿಸಿಕೊಂಡೆ. 'ಮುಳ್ಳು ಅದಾವಂತನ ದನ ಬರೂದಿಲ್ರಿ' ಎಂದು ಕಾಕಾ ನಕ್ಕರು.

ಪಕ್ಕದಲ್ಲಿ ಸೂರ್ಯಪಾನ, ಅದೇ ನಮ್ಮ ಸೂರ್ಯಕಾಂತಿ. ಗಿಳಿ ಓಡಿಸಲು ಹುಡುಗನೊಬ್ಬ ಡಬ್ಬಿ ಬಡಿಯುತ್ತಿದ್ದ. 'ಜೇನ ಬರಲಿಲ್ಲಂದ್ರ ಕಾಳು ಜೊಳ್ಳು ಆಕ್ಕಾವು' ಎಂದರು ಕಾಕಾ. ಜೇನು ಕಡಿಮೆಯಾದಾಗ ಬೆಳಗ್ಗೆ ಹೊತ್ತು ಹೂವಿನ ಮೇಲೆ ಬಟ್ಟೆ ಆಡಿಸುತ್ತಾರಂತೆ. ಕುಸುಬಿ ಇಲ್ಲಿ ಅಜ್ಜಂದಿರ ಕಾಲದ್ದು. ಸೂರ್ಯಪಾನ ನಮ್ಮಲ್ಲಿ ಎಣ್ಣೆ ಬೆಳೆಯಾಗಿದ್ದು 1969ರಲ್ಲಿ ರಷ್ಯಾದ ತಳಿಗಳು ಬಂದ ಮೇಲೆ. ಇಬ್ಬರೂ ಒಂದೇ ಹೊಲದಲ್ಲಿ ಚೆನ್ನಾಗಿಯೇ ಹೊಂದಿಕೊಂಡಿದ್ದಾರೆ.

ಮಧ್ಯಾಹ್ನ ಗಾಣಕ್ಕೆ ಹೋದೆವು. ಈಗ ಎತ್ತಿಲ್ಲ, ಮೋಟಾರು. ಆದರೆ ಮರದ ಒನಕೆ ತಿರುಗುವಾಗಿನ ಕಿರ್‌ಗುಟ್ಟುವ ಸದ್ದು ಉಳಿದಿದೆ. ಗಾಣದವರು ಬೆರಳು ಮಡಿಸಿ ಲೆಕ್ಕ ಕೊಟ್ಟರು. ಒಂದು ಲೀಟರ್ ಶೇಂಗಾ ಎಣ್ಣೆಗೆ ಹೆಚ್ಚುಕಮ್ಮಿ ಎರಡೂವರೆ ಕಿಲೋ ಕಾಳು ಬೇಕು. ಕುಸುಬಿಗೆ ಇನ್ನೂ ಜಾಸ್ತಿ, ಅದರ ಸಿಪ್ಪೆ ದಪ್ಪ. ಮೇಲೆ ಕೂಲಿ, ಕರೆಂಟು. ಹಿಂಡಿ ಮಾರಿದರೆ ಒಂದಿಷ್ಟು ವಾಪಸ್ ಬರುತ್ತದೆ. 'ಹಿಂಡ್ಯಾಗೂ ಎಣ್ಣಿ ಉಳಿತೈತ್ರಿ, ನಮ್ಮ ಎಮ್ಮಿ ಅದಕ್ಕ ಚಲೋ ಅದಾವು' ಎಂದರು. ದೊಡ್ಡ ಕಾರ್ಖಾನೆಯವರು ಹಿಂಡಿಯನ್ನು ಎಣ್ಣೆ ಕರಗಿಸುವ ರಾಸಾಯನಿಕ ಹೆಕ್ಸೇನ್‌ನಲ್ಲಿ ನೆನೆಸಿ ಅದನ್ನೂ ಬಿಡದೆ ತೆಗೆಯುತ್ತಾರೆ. ಬೆಲೆಯಲ್ಲಿ ಗಾಣ ಸೋಲುವ ಒಂದು ಕಾರಣ ಇದೇ ಅಲ್ವಾ.

ಮನೆಯಲ್ಲಿ ರೊಟ್ಟಿ, ಗುರೆಳ್ಳು ಚಟ್ನಿ. ಕಾಕು ಚಟ್ನಿಯ ನಡುವೆ ಗುಂಡಿ ಮಾಡಿ ಕುಸುಬಿ ಎಣ್ಣೆ ಸುರಿದರು. ಆ ಕಂಪಿನ ಬಗ್ಗೆ ಸುಮ್ನೆ ಬರೆದು ಪ್ರಯೋಜನವಿಲ್ಲ, ಹೋಗಿ ತಿನ್ನಬೇಕು. ಆದರೆ ಆಮೇಲೆ ಬಂದ ಮಿರ್ಚಿ ಭಜಿಗೆ ಬಾಣಲೆಯಲ್ಲಿದ್ದದ್ದು ಅಂಗಡಿಯ ಪಾಕೆಟ್ಟಿನ ತಾಳೆ ಎಣ್ಣೆ. ನಾನು ಅದನ್ನೇ ನೋಡುತ್ತಿದ್ದುದು ಕಾಕುಗೆ ಗೊತ್ತಾಯಿತು.

'ಕರಿಯಾಕ ಗಾಣದ್ದು ಹಾಕಿದ್ರ ಡಬ್ಬಿ ಎಲ್ಲಿ ಉಳಿತೈತ್ರಿ?'

ದೇಶ ತಿನ್ನುವ ಎಣ್ಣೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಹೊರಗಿನದು. ತಾಳೆ ಎಣ್ಣೆ ಹೆಚ್ಚಾಗಿ ಇಂಡೋನೇಷ್ಯಾ, ಮಲೇಷ್ಯಾದ್ದು. 2022ರಲ್ಲಿ ಉಕ್ರೇನಿನಲ್ಲಿ ಯುದ್ಧ ಶುರುವಾದಾಗ ಸೂರ್ಯಪಾನ ಎಣ್ಣೆಯ ರೇಟು ಏರಿದ್ದು ಕಾಕುಗೆ ಇನ್ನೂ ನೆನಪಿದೆ. ಆ ವರ್ಷ ಮನೆಯಲ್ಲಿ ಭಜಿಯೇ ಕಡಿಮೆಯಾಗಿತ್ತಂತೆ, ಹೊಲದಲ್ಲಿ ಸೂರ್ಯಪಾನ ನಿಂತಿದ್ದರೂ.

ಒಂದು ಬಾಟಲಿ ಕುಸುಬಿ ಎಣ್ಣೆ ಕಟ್ಟಿಸಿಕೊಂಡು ಸಂಜೆ ಬಸ್ ಹತ್ತಿದೆ. ಪಕ್ಕದಲ್ಲಿದ್ದ ಅಜ್ಜ ಮೂಗು ಅರಳಿಸಿ, 'ಗಾಣದ್ದೇನಪಾ?' ಅಂದರು. ಹೌದು ಅಂದೆ. ಅವರು ನನ್ನ ಚೀಲ ತೋರಿಸಿದರು. ಮುಚ್ಚಳ ಸಡಿಲವಾಗಿತ್ತು.