ತೊರಕೆಗೂ ಇಲಿಗೂ ಏನು ಹೋಲಿಕೆ?

ಸುಮ್ನೆ ತಲೆಗೆ ಬಂದ ಹೋಲಿಕೆ ಇದು, ನಗಬೇಡಿ. ಒಂದು ಕಡೆ ಮಾಂಟಾ, ಅಂದ್ರೆ ನಮ್ಮ ಕರಾವಳಿಯವರು ತೊರಕೆ ಅನ್ನುವ ಮೀನಿನ ದೈತ್ಯ ಬಂಧು. ರೆಕ್ಕೆ ಬಿಚ್ಚಿದರೆ 7 ಮೀಟರ್‌ವರೆಗೂ ಇರುತ್ತದೆ, ತಿನ್ನೋದು ಮಾತ್ರ ಹೆಚ್ಚಾಗಿ ನೀರಲ್ಲಿ ತೇಲುವ ತೀರಾ ಸಣ್ಣ ಜೀವಿಗಳನ್ನ! ಬಾಲದಲ್ಲಿ ಚುಚ್ಚುವ ಮುಳ್ಳೂ ಇಲ್ಲ.

ಇನ್ನೊಂದು ನಮ್ಮ ಹೊಲದ ಬದುವಿನ ಜರ್ಬಿಲ್ ಅನ್ನುವ ಇಲಿ. ಮೈಗಿಂತ ಬಾಲವೇ ಉದ್ದ, ತುದಿಯಲ್ಲಿ ಕಪ್ಪು ಕುಚ್ಚು. ರಾತ್ರಿ ಟಾರ್ಚ್ ಬಿಟ್ಟರೆ ಟಣ್ಣನೆ ಜಿಗಿದು ಮಾಯ. ಬಿಲದ ತಪ್ಪಿಸಿಕೊಳ್ಳುವ ಬಾಯಿಗೆ ಸಡಿಲ ಮಣ್ಣು ತುಂಬಿಟ್ಟು, ಹಾವು ನುಗ್ಗಿದರೆ ಆ ಮಣ್ಣನ್ನೇ ಒಡೆದುಕೊಂಡು ಓಡುತ್ತದೆ, ಕಿಲಾಡಿ ಅಲ್ವಾ?

ಮಾಂಟಾ ಸುಮಾರು ಒಂದು ವರ್ಷ ಹೊತ್ತು ಹೆರೋದು ಸಾಮಾನ್ಯವಾಗಿ ಒಂದೇ ಮರಿ. ಜರ್ಬಿಲ್‌ಗೆ ಸುಮಾರು ಒಂದು ತಿಂಗಳು ಸಾಕು, ಒಂದೇ ಸಲಕ್ಕೆ ಹಲವು ಮರಿ. ಹಾಗಾಗಿ ಬಲೆಗೆ ಬಿದ್ದ ಒಂದೊಂದು ಮಾಂಟಾಕ್ಕೂ ನನಗೆ ಜಾಸ್ತಿ ಸಂಕಟ.